ಲಾಳ ಕಟ್ಟುವವನ ಪರೀಕ್ಷೆ

ಹೊಸ ಜೋಡು ಕಾಲನ್ನು ಕಚ್ಚಿದರೆ ಮನುಷ್ಯನು ಅದನ್ನು ಕಳಚಿ ಮೂಲೆಗೆಸೆಯಬಲ್ಲನು. ಅಂಗಡಿಯವನೊಡನೆ ಜಗಳವಾಡಿ ಹಣ ಹಿಂದಕ್ಕೆ ಪಡೆಯಲೂ ಬಲ್ಲನು. ಕುದುರೆಗೆ ಈ ಸೌಕರ್ಯಗಳಲ್ಲಿ ಒಂದೂ ಇಲ್ಲ. ಅದರ ಜೋಡನ್ನು ಕಾಲಿಗೆ ಮೊಳೆ ಹೊಡೆದೇ ತೊಡಿಸುತ್ತಾರೆ. ಎಲ್ಲಿ ಬಿಗಿಯಾಯಿತು, ಎಲ್ಲಿ ಚುಚ್ಚಿತು ಎಂಬುದನ್ನು ಹೇಳಲು ಅದಕ್ಕೆ ಬಾಯಿಲ್ಲ. ಅದು ಮಾಡಬಹುದಾದುದು ಒಂದೇ, ಕುಂಟುವುದು. ಆ ಕುಂಟನ್ನೂ ಯಜಮಾನನು ಸೋಮಾರಿತನವೆಂದು ಬಗೆದು ಚಾವಟಿ ಎತ್ತಿದರೆ ಅದರ ದೂರನ್ನು ಕೇಳುವವರು ಮತ್ತಾರೂ ಇಲ್ಲ. ಆದುದರಿಂದ ಕುದುರೆಯನ್ನು ಸಾಕುವವನು ಮಾಡಬೇಕಾದ ಆಯ್ಕೆಗಳಲ್ಲೆಲ್ಲ ಲಾಳ ಕಟ್ಟುವವನ ಆಯ್ಕೆ ಬಹು ಮುಖ್ಯವಾದುದು.

ಮೈಸೂರಿನ ಅರಮನೆಯ ಆಸುಪಾಸಿನಲ್ಲಿ ಪ್ರವಾಸಿಗರಿಗಾಗಿ ಕಾದು ನಿಲ್ಲುವ ಟಾಂಗಾ, ಸಾರೋಟುಗಳನ್ನು ಕಂಡವರಿಗೆ ಈ ಮಾತಿನ ತೂಕ ಬೇಗ ತಿಳಿದೀತು. ಡಾಂಬರು ರಸ್ತೆಯ ಮೇಲೆ ದಿನವೆಲ್ಲ ಓಡುವ ಕುದುರೆಯ ಗೊರಸು ಬೆಳೆಯುವುದಕ್ಕಿಂತ ಬೇಗ ಸವೆಯುತ್ತದೆ. ಲಾಳವಿಲ್ಲದೆ ಅಲ್ಲಿ ಬಹುಕಾಲ ದುಡಿಯುವುದು ಅದಕ್ಕೆ ಕಷ್ಟ. ಅದು ಎಂಟು ದಿನ ಲಾಯದಲ್ಲಿ ನಿಂತಿತೆಂದರೆ ಯಜಮಾನನಿಗೆ ಎಂಟು ದಿನದ ಸಂಪಾದನೆಯಿಲ್ಲ. ಹುಲ್ಲು, ಹುರುಳಿ, ಬೂಸಾಗಳ ಖರ್ಚಾದರೋ ಒಂದು ದಿನವೂ ನಿಲ್ಲುವುದಿಲ್ಲ. ದಸರೆಯ ಹತ್ತು ದಿನಗಳಲ್ಲೇ ಹೀಗಾದರೆ ಆ ಸಂಸಾರದ ವರ್ಷದ ಲೆಕ್ಕವೇ ತಲೆಕೆಳಗಾಗುತ್ತದೆ. ಒಂದು ಮೊಳೆ ಕೂದಲೆಳೆಯಷ್ಟು ಒಳಸರಿಯಿತೆಂಬ ಕಾರಣಕ್ಕೆ ಮನೆಯ ಮಕ್ಕಳ ಶಾಲೆಯ ಫೀಜಿಗೆ ಕೊರತೆ ಬೀಳುವುದು ಇಲ್ಲಿ ಅತಿಶಯೋಕ್ತಿಯಲ್ಲ.

ಜಟಕಾಗಳ ಕಾಲದಲ್ಲಿ ಲಾಳ ಕಟ್ಟುವವನು ಪೇಟೆಯ ಸಾಮಾನ್ಯ ವ್ಯಕ್ತಿಯಾಗಿದ್ದನು. ಉತ್ತರ ಕರ್ನಾಟಕದ ಕಡೆ ‘ನಾಲಬಂದ’ ಎಂಬುದು ಇಂದಿಗೂ ಮನೆತನದ ಹೆಸರಾಗಿ ಉಳಿದಿದೆ. ನಾಲ್ ಎಂದರೆ ಲಾಳ, ಬಂದ ಎಂದರೆ ಕಟ್ಟುವವನು. 1918ರಲ್ಲಿ ಹೈಫಾ ನಗರವನ್ನು ಹಿಡಿದ ಮೈಸೂರು ಲ್ಯಾನ್ಸರ್ಸ್‌ನಂಥ ಅಶ್ವದಳಗಳಿಗೆ ಈಟಿ ಹಿಡಿಯುವ ಕೈಯಷ್ಟೇ ಸುತ್ತಿಗೆ ಹಿಡಿಯುವ ಕೈಯೂ ಬೇಕಾಗಿತ್ತು. ಈಗ ಕುದುರೆಗಳೂ ವಿರಳ, ಲಾಳ ಕಟ್ಟುವವರೂ ವಿರಳ. ಇಂಗ್ಲೆಂಡಿನಲ್ಲಿ 1975ರ ಕಾನೂನಿನಿಂದಾಗಿ ವರ್ಷಗಟ್ಟಲೆ ಶಿಷ್ಯವೃತ್ತಿ ಮಾಡಿ ಪಟ್ಟಿಯಲ್ಲಿ ಹೆಸರು ಬರೆಯಿಸಿಕೊಳ್ಳದವನು ಕುದುರೆಗೆ ಲಾಳ ಹೊಡೆಯುವಂತಿಲ್ಲ. ತನ್ನ ಸ್ವಂತ ಕುದುರೆಗೂ ಹೊಡೆಯುವಂತಿಲ್ಲ! ನಮ್ಮ ಕಡೆ ಸಾಮಾನ್ಯವಾಗಿ ಕೆಲಸವನ್ನು ತಂದೆಯಿಂದ ಮಗನು ನೋಡಿ ಕಲಿಯುತ್ತಾನೆ. ಹೀಗೆ ಕಲಿತವರಲ್ಲಿ ಕೆಲವರು ಬಹಳ ನಿಪುಣರು, ಕೆಲವರು ಬರಿಯ ಧೈರ್ಯಶಾಲಿಗಳು. ಗೋಡೆಗೆ ತೂಗಿಸಿದ ಸರ್ಟಿಫಿಕೇಟಿಲ್ಲದ ಕಡೆ ಇವರಿಬ್ಬರನ್ನೂ ಬೇರ್ಪಡಿಸುವ ಹೊಣೆ ಯಜಮಾನನ ಕಣ್ಣಿಗೇ ಸೇರಿದ್ದು.

ಕಣ್ಣು ನೋಡಬೇಕಾದುದೇನೆಂಬುದನ್ನು ತಿಳಿಯಲು ಗೊರಸಿನ ರಚನೆಯನ್ನು ಸ್ವಲ್ಪ ಅರಿಯಬೇಕು. ಎತ್ತಿಗೆ ಲಾಳ ಕಟ್ಟುವುದನ್ನು ನಮ್ಮಲ್ಲಿ ಅನೇಕರು ಕಂಡಿದ್ದಾರೆ. ಅದನ್ನು ಹಗ್ಗದಿಂದ ಕೆಡವಿ, ಸೀಳಿದ ಗೊರಸಿನ ಒಂದೊಂದು ಹೋಳಿಗೂ ಬೇರೆ ಬೇರೆ ತಗಡು ಹೊಡೆಯುತ್ತಾರೆ. ಕುದುರೆಯದು ಒಂದೇ ಗೊರಸು. ಅದು ಮೂರು ಕಾಲಿನ ಮೇಲೆ ನಿಂತು ನಾಲ್ಕನೆಯದನ್ನು ಮನುಷ್ಯನ ಕೈಗೆ ಒಪ್ಪಿಸುತ್ತದೆ. ಇದೇ ಒಂದು ದೊಡ್ಡ ವಿಶ್ವಾಸ. ಗೊರಸಿನ ಹೊರಗೋಡೆ ನಮ್ಮ ಉಗುರಿನಂತೆ ನೋವರಿಯದ ವಸ್ತು. ಅದರ ಒಳಗೆ ರಕ್ತವೂ ನರಗಳೂ ತುಂಬಿದ ಮೃದುವಾದ ಪದರ, ಅದರೊಳಗೆ ಎಲುಬು. ಅಡಿಯಿಂದ ನೋಡಿದರೆ ಗೋಡೆಯೂ ಅಂಗಾಲೂ ಕೂಡುವಲ್ಲಿ ಒಂದು ತಿಳಿಯಾದ ಬಿಳಿಗೆರೆ ಕಾಣುತ್ತದೆ. ಮೊಳೆಯ ರಾಜ್ಯವೆಲ್ಲ ಆ ಗೆರೆಯ ಹೊರಗಡೆಗೆ. ಒಳಗಡೆ ಕುದುರೆಯ ಪ್ರಾಣ. ಹಿಂಭಾಗದಲ್ಲಿ ತ್ರಿಕೋನಾಕಾರದ ರಬ್ಬರಿನಂಥ ಮೆತ್ತೆಯೊಂದುಂಟು. ಅದನ್ನು ಇಂಗ್ಲಿಷರು ಏಕೋ ಕಪ್ಪೆಯೆಂದು ಕರೆದರು. ಕಾಲೂರಿದಾಗಲೆಲ್ಲ ಗೊರಸಿನ ಹಿಂಭಾಗ ಕಿಂಚಿತ್ತು ಅಗಲವಾಗಿ ಭಾರವನ್ನು ನುಂಗಿಕೊಳ್ಳುತ್ತದೆ. ಸಾಮಾನ್ಯವಾಗಿ ಮೊಳೆಗಳನ್ನು ಗೊರಸಿನ ಅತ್ಯಗಲವಾದ ಭಾಗಕ್ಕಿಂತ ಹಿಂದೆ ಹೊಡೆಯದಿರುವುದು ಈ ಕಾರಣದಿಂದಲೇ.

ಬಲ್ಲವನು ಯಾರೆಂಬುದು ಅವನು ಸುತ್ತಿಗೆ ಎತ್ತುವುದಕ್ಕೆ ಮೊದಲೇ ಅರ್ಧ ತಿಳಿದುಹೋಗುತ್ತದೆ. ಒಳ್ಳೆಯ ಲಾಳಗಾರನು ಬಂದೊಡನೆ ಕಾಲು ಹಿಡಿಯುವುದಿಲ್ಲ. ಗಟ್ಟಿ ನೆಲದ ಮೇಲೆ ಕುದುರೆಯನ್ನು ನಡೆಸಿ ಎಂದು ಕೇಳುತ್ತಾನೆ; ಎದುರಿಗೆ ನಿಂತು ನೋಡುತ್ತಾನೆ, ಪಕ್ಕದಿಂದ ನೋಡುತ್ತಾನೆ. ಗೊರಸು ಸಮವಾಗಿ ಊರುತ್ತದೆಯೋ, ಒಂದು ಮಗ್ಗುಲು ಮೊದಲು ತಾಗುತ್ತದೆಯೋ ಎಂದು ಗಮನಿಸುತ್ತಾನೆ. ಕುದುರೆ ಏನು ಕೆಲಸ ಮಾಡುತ್ತದೆ, ಹಿಂದೆ ಎಂದಾದರೂ ಕುಂಟಿತ್ತೇ ಎಂದು ವಿಚಾರಿಸುತ್ತಾನೆ. ಬಿಚ್ಚಿದ ಹಳೆಯ ಲಾಳವನ್ನು ತಿರುಗಿಸಿ ಅದರ ಸವೆತವನ್ನು ಓದುತ್ತಾನೆ. ಇದಕ್ಕೆಲ್ಲ ಹತ್ತು ನಿಮಿಷ ಹಿಡಿದೀತು. ಆ ಹತ್ತು ನಿಮಿಷವನ್ನು ಉಳಿಸಲು ನೋಡುವವನಿಗೆ ನಾಲ್ಕು ಕಾಲುಗಳೂ ನಾಲ್ಕು ಕಬ್ಬಿಣದ ತುಂಡುಗಳ ಗಿರಾಕಿಗಳು ಮಾತ್ರ.

ಮುಂದಿನದು ಅಳತೆಯ ವಿಷಯ. ಗೊರಸಿಗೆ ತಕ್ಕಂತೆ ಲಾಳವನ್ನು ಬಗ್ಗಿಸುವುದು ವಿದ್ಯೆ. ಲಾಳಕ್ಕೆ ತಕ್ಕಂತೆ ಗೊರಸನ್ನು ಅರದಿಂದ ಉಜ್ಜಿಬಿಡುವುದು ಅವಿದ್ಯೆ. ಎರಡನೆಯದು ಸುಲಭವಾದುದರಿಂದ ಅದರ ಆಕರ್ಷಣೆ ಹೆಚ್ಚು. ಮುಗಿದ ಮೇಲೆ ಎಣ್ಣೆ ಸವರಿ ತಿಕ್ಕಿದರೆ ಎರಡೂ ಒಂದೇ ತೆರನಾಗಿ ಹೊಳೆಯುತ್ತವೆ! ಆದುದರಿಂದ ಹೊಳಪನ್ನು ಬಿಟ್ಟು ರೇಖೆಯನ್ನು ನೋಡಬೇಕು. ಕುದುರೆಯನ್ನು ಸಮನೆಲದ ಮೇಲೆ ನಿಲ್ಲಿಸಿ ಪಕ್ಕದಿಂದ ನೋಡಿದಾಗ, ಗೊರಸಿನ ಮುಂಭಾಗದ ಓರೆಯೂ ಅದರ ಮೇಲಿನ ಕಾಲಿನ ಓರೆಯೂ ಒಂದೇ ನೇರದಲ್ಲಿ ಇಳಿಯಬೇಕು. ಮುಂತುದಿ ಉದ್ದವಾಗಿ ಹಿಮ್ಮಡಿ ಕುಗ್ಗಿದ್ದರೆ ಆ ರೇಖೆ ಹಿಂದಕ್ಕೆ ಮುರಿಯುತ್ತದೆ. ಕಾಲಿನ ಹಿಂದಿನ ಸ್ನಾಯುರಜ್ಜುಗಳ ಮೇಲೆ ಹೆಜ್ಜೆಹೆಜ್ಜೆಗೂ ಎಳೆತ ಹೆಚ್ಚುತ್ತದೆ. ಕುದುರೆ ತನ್ನ ಭಾರದ ನೂರರಲ್ಲಿ ಸುಮಾರು ಅರವತ್ತು ಪಾಲನ್ನು ಮುಂಗಾಲುಗಳ ಮೇಲೆ ಹೊರುತ್ತದೆಯೆಂಬುದನ್ನು ನೆನೆದರೆ ಈ ದೋಷ ಸಣ್ಣದೆನಿಸದು. ಲಾಳದ ತುದಿಗಳು ಹಿಮ್ಮಡಿಗೆ ಆಸರೆಯಾಗುವಷ್ಟು ನೀಳವಾಗಿವೆಯೇ, ಕಬ್ಬಿಣಕ್ಕೂ ಗೊರಸಿಗೂ ನಡುವೆ ಬೆಳಕು ತೂರುತ್ತದೆಯೇ, ಹೊರಗೆ ಮಡಿಸಿದ ಮೊಳೆಯ ತುದಿಗಳು ಹೆಚ್ಚುಕಡಮೆ ಒಂದೇ ಸಾಲಿನಲ್ಲಿವೆಯೇ, ಇವಿಷ್ಟನ್ನು ಸಾಮಾನ್ಯ ಕಣ್ಣೂ ಗುರುತಿಸಬಲ್ಲದು.

ಮೊಳೆಯ ಮಾತು ಬಂದಿತಲ್ಲ, ಅಲ್ಲಿಯೇ ಸ್ವಲ್ಪ ನಿಲ್ಲಬೇಕು. ಒಂದು ಲಾಳಕ್ಕೆ ಸಾಮಾನ್ಯವಾಗಿ ಆರರಿಂದ ಎಂಟು ಮೊಳೆ. ಆ ಮೊಳೆಯ ತುದಿಯನ್ನು ಒಂದು ಬದಿಗೆ ಮಾತ್ರ ಓರೆ ಮಾಡಿರುತ್ತಾರೆ. ಹೊಡೆದಂತೆ ಅದು ಹೊರಕ್ಕೆ ಬಾಗಿ ಗೋಡೆಯನ್ನು ತೂರಿ ಬರಲೆಂದು. ಅದನ್ನು ತಿರುಗುಮುರುಗಾಗಿ ಹಿಡಿದರೆ ಒಳಕ್ಕೆ ಬಾಗುತ್ತದೆ. ಅನುಭವಿಯು ಇಲ್ಲಿ ಕಿವಿಯಿಂದ ಕೆಲಸ ಮಾಡುತ್ತಾನೆ. ಮೊಳೆ ಗಟ್ಟಿಗೋಡೆಯಲ್ಲಿ ಏರುವಾಗ ಸುತ್ತಿಗೆಯ ಸದ್ದು ಬಿಗಿಯಾಗಿ ಕೇಳುತ್ತದೆ. ಮೆತ್ತನೆಯ ಕಡೆಗೆ ಸರಿದರೆ ಸದ್ದು ಮಂಕಾಗುತ್ತದೆ. ಮಂಕಾದೊಡನೆ ಕೈ ನಿಲ್ಲಬೇಕು. ಮಾತನಾಡುತ್ತ, ನಗುತ್ತ, ಫೋನಿಗೆ ಉತ್ತರ ಹೇಳುತ್ತ ಮೊಳೆ ಹೊಡೆಯುವವನ ಕಿವಿ ಎಲ್ಲಿರುತ್ತದೆಯೋ ಅವನಿಗೇ ಗೊತ್ತು.

ಎಷ್ಟು ನಿಪುಣನಾದರೂ ಎಂದಾದರೊಮ್ಮೆ ಮೊಳೆ ಒಳಸರಿಯುವುದುಂಟು. ನೇರವಾಗಿ ಚುಚ್ಚಿದರೆ ಕುದುರೆ ಅಲ್ಲಿಯೇ ಕಾಲು ಕೊಡವುತ್ತದೆ. ಹತ್ತಿರ ಸುಳಿದು ಒತ್ತಿದರೆ ಒಂದೆರಡು ದಿನ ಬಿಟ್ಟು ಕುಂಟತೊಡಗುತ್ತದೆ, ಗೊರಸು ಬಿಸಿಯಾಗುತ್ತದೆ. ಲಾಳಗಾರನ ನಿಜವಾದ ಪರೀಕ್ಷೆ ಆಗ. ಸಭ್ಯನಾದವನು ಕರೆ ಬಂದೊಡನೆ ಬರುತ್ತಾನೆ, ಮೊಳೆ ತೆಗೆಯುತ್ತಾನೆ, ಪಶುವೈದ್ಯರನ್ನು ಕರೆಯಿಸಿ ಎನ್ನುತ್ತಾನೆ. ಧನುರ್ವಾಯು ಕುದುರೆಗೆ ಬಹು ಸುಲಭವಾಗಿ ತಗಲುವ ರೋಗ. ಕೊಳೆ ಸೇರಿದ ಸಣ್ಣ ತೂತೇ ಅದಕ್ಕೆ ಸಾಕು. ಚುಚ್ಚುಮದ್ದಿನ ವಿಚಾರದಲ್ಲಿ ನಾಳೆ ನೋಡೋಣವೆಂಬ ಮಾತು ಸಲ್ಲದು. ಮತ್ತೊಬ್ಬನಿದ್ದಾನೆ: ಹೊಸ ಲಾಳ ಕಟ್ಟಿದ ಮೇಲೆ ಎರಡು ದಿನ ಹೀಗೆ ಕುಂಟುವುದು ಸಹಜವೆಂದು ಸಮಾಧಾನ ಹೇಳುತ್ತಾನೆ. ಅದು ಸಹಜವಲ್ಲ. ಲಾಳ ಕಟ್ಟಿಸಿಕೊಂಡ ಕುದುರೆ ಬಂದಾಗ ನಡೆದಂತೆಯೇ, ಸಾಧ್ಯವಾದರೆ ಇನ್ನೂ ಹಗುರವಾಗಿ, ನಡೆದು ಹೋಗಬೇಕು. ಪ್ರತಿ ಸಲವೂ ಎರಡು ದಿನ ಕುಂಟಿಸುವವನನ್ನು ಮೂರನೆಯ ಸಲ ಕರೆಯಲು ಕಾರಣವಿಲ್ಲ.

ಕುದುರೆಯ ಅಭಿಪ್ರಾಯವನ್ನೂ ಕೇಳಬೇಕು. ಯಜಮಾನನಿಗೆ ಲಾಳಗಾರನ ಮಾತುಗಾರಿಕೆ ಹಿಡಿಸಬಹುದು. ಕುದುರೆ ಮಾತಿಗೆ ಮರುಳಾಗುವುದಿಲ್ಲ. ಆತ ಬಂದಾಗಲೆಲ್ಲ ಅದು ಕಿವಿ ಹಿಂದಕ್ಕೆ ಮಡಿಸಿ, ಬೆವರಿ, ಹಗ್ಗ ಜಗ್ಗುತ್ತದೆಯಾದರೆ ಏನೋ ನಡೆದಿದೆ. ವಯಸ್ಸಾದ ಕುದುರೆಗೆ ಕೀಲುನೋವಿದ್ದೀತು, ಕಾಲನ್ನು ಹೆಚ್ಚು ಹೊತ್ತು ಎತ್ತಿ ಹಿಡಿಯಲಾರದು. ಅದನ್ನು ಅರಿತವನು ನಡುನಡುವೆ ಇಳಿಸಿ ವಿಶ್ರಾಂತಿ ಕೊಡುತ್ತಾನೆ. ಅರಿಯದವನು ಅರದಿಂದಲೇ ಪಕ್ಕೆಗೆ ತಿವಿಯುತ್ತಾನೆ. ಆದರೆ ನ್ಯಾಯ ಎರಡು ಕಡೆಗೂ ಇರಬೇಕಷ್ಟೆ. ಕಾಲು ಮುಟ್ಟಿಸಿಕೊಳ್ಳುವ ಅಭ್ಯಾಸವನ್ನೇ ಮಾಡಿಸದ ಮರಿಯನ್ನು, ಕೆಸರು ಮೆತ್ತಿದ ಕಾಲುಗಳೊಡನೆ, ಕತ್ತಲೆಯ ಲಾಯದಲ್ಲಿ ಮುಂದೆ ನಿಲ್ಲಿಸಿ ತಾಳ್ಮೆಯನ್ನು ಬೇಡುವುದು ಯಾವ ನ್ಯಾಯ? ನಾನೂರು ಕಿಲೋ ತೂಕದ ಪ್ರಾಣಿಯ ಹಿಂಗಾಲ ಬಳಿ ಬಗ್ಗಿ ನಿಲ್ಲುವವನು ತನ್ನ ಎಲುಬುಗಳನ್ನು ಪಣವಾಗಿಟ್ಟು ಕೆಲಸ ಮಾಡುತ್ತಾನೆ. ಅವನ ಕೂಲಿಯನ್ನು ಮುಂದಿನ ತಿಂಗಳಿಗೆ ಹೇಳುವ ಯಜಮಾನನಿಗೆ ಒಳ್ಳೆಯ ಲಾಳಗಾರನು ಬಹುಕಾಲ ದಕ್ಕುವುದೂ ಇಲ್ಲ.

ಇನ್ನು ಕಾಲದ ಮಾತು. ಆರರಿಂದ ಎಂಟು ವಾರಕ್ಕೊಮ್ಮೆ ಲಾಳ ಬಿಚ್ಚಿ, ಬೆಳೆದ ಗೊರಸನ್ನು ತಿದ್ದಿ, ಮತ್ತೆ ಕಟ್ಟುವುದು ವಾಡಿಕೆ. ಲಾಳ ಇನ್ನೂ ಸವೆದಿಲ್ಲ, ಇನ್ನೊಂದು ತಿಂಗಳು ಬಂದೀತು ಎಂಬ ಲೆಕ್ಕ ತಪ್ಪು. ಕಬ್ಬಿಣ ಸವೆಯದಿದ್ದರೂ ಗೊರಸು ಬೆಳೆಯುತ್ತಲೇ ಇರುತ್ತದೆ. ಅದರ ಬೆಳವಣಿಗೆ ತಿಂಗಳಿಗೆ ಒಂದು ಸೆಂಟಿಮೀಟರಿಗೂ ಕಡಮೆ. ಚರ್ಮದಂಚಿನಿಂದ ಹೊರಟ ಹೊಸ ಗೋಡೆ ಮುಂತುದಿಯವರೆಗೆ ಇಳಿದುಬರಲು ಒಂಬತ್ತು ತಿಂಗಳಿಂದ ಒಂದು ವರ್ಷ ಬೇಕು. ವರ್ಷಗಟ್ಟಲೆ ಕೆಟ್ಟ ಗೊರಸನ್ನು ಹೊಸಬನು ಒಂದೇ ಸರದಿಯಲ್ಲಿ ಸರಿಪಡಿಸಲೆಂದು ಬಯಸುವುದು, ಸರಿಪಡಿಸಿಲ್ಲವೆಂದು ಅವನನ್ನು ಬಿಡುವುದು, ಎರಡೂ ಅವಸರದ ಕೆಲಸ. ಎರಡು ತಿಂಗಳಿಗೊಬ್ಬ ಲಾಳಗಾರನಾದರೆ ಗೊರಸಿನ ಗತಿ ಹತ್ತು ಮೇಷ್ಟರ ಕೈಯಲ್ಲಿ ಕಲಿತ ಹುಡುಗನ ಕಾಗುಣಿತದಂತಾಗುತ್ತದೆ. ಈಗ ಪ್ರತಿ ಕಿಸೆಯಲ್ಲೂ ಕ್ಯಾಮೆರಾ ಇದೆ. ಲಾಳ ಕಟ್ಟುವ ಮುನ್ನ, ಕಟ್ಟಿದ ಮೇಲೆ, ಅದೇ ನೆಲದಲ್ಲಿ ಅದೇ ಪಕ್ಕದಿಂದ ಗೊರಸಿನ ಚಿತ್ರ ತೆಗೆದು ತಾರೀಖು ಬರೆದಿಟ್ಟರೆ, ಮೂರು ನಾಲ್ಕು ಸರದಿಗಳಲ್ಲಿ ಕೆಲಸ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ವಾದವಿಲ್ಲದೆ ಗೊತ್ತಾಗುತ್ತದೆ. ಆ ಚಿತ್ರಗಳನ್ನು ಮುಂದಿಟ್ಟಾಗ ಕೋಪಿಸಿಕೊಳ್ಳುವವನೂ ಇದ್ದಾನೆ, ಕುತೂಹಲದಿಂದ ಬಾಗಿ ನೋಡುವವನೂ ಇದ್ದಾನೆ. ಪಶುವೈದ್ಯರ ಮಾತಿಗೆ ಕಿವಿಗೊಡುವವನು ಈ ಎರಡನೆಯವನೇ.

ಕೆಲವರು ಹೆಸರನ್ನು ನೋಡಿ ಮೋಸಹೋಗುತ್ತಾರೆ. ಇವನು ರೇಸಿನ ಕುದುರೆಗಳಿಗೆ ಲಾಳ ಕಟ್ಟಿದವನು ಎಂದೊಡನೆ ಎರಡು ಪಾಲು ಕೂಲಿ ಕೊಡಲು ಸಿದ್ಧ. ರೇಸಿನ ಕುದುರೆಗೆ ಬೇಕಾದುದು ಹಗುರವಾದ ಅಲ್ಯುಮಿನಿಯಂ ಲಾಳ, ಓಡಲು ಮೆತ್ತನೆಯ ಹುಲ್ಲುನೆಲ. ಸಾರೋಟಿನ ಕುದುರೆಗೆ ಬೇಕಾದುದು ಡಾಂಬರಿನ ಮೇಲೆ ಜಾರದೆ ಬಾಳುವ ಲಾಳ. ಒಂದರಲ್ಲಿ ಪ್ರವೀಣನಾದವನು ಇನ್ನೊಂದನ್ನೂ ಬಲ್ಲವನಾಗಿರಬಹುದು, ಆಗಿಲ್ಲದೆಯೂ ಇರಬಹುದು. ಅವನು ಕಟ್ಟಿದ ಲಾಳದ ಮೇಲೆ ಇಂಥದೇ ರಸ್ತೆಯಲ್ಲಿ ದುಡಿಯುತ್ತಿರುವ ನಾಲ್ಕು ಕುದುರೆಗಳನ್ನು ಹೋಗಿ ನೋಡುವುದು ಹೆಚ್ಚು ಭರವಸೆಯ ದಾರಿ.

ಹೊಡೆತ, ಕುಡಿತ, ಚುಚ್ಚಿದ ಮೊಳೆಯನ್ನು ಮುಚ್ಚಿಡುವ ಸುಳ್ಳು, ಇವುಗಳಿಗೆ ಕಾಯುವ ಅವಶ್ಯಕತೆಯಿಲ್ಲ, ಅಂದೇ ಬಿಡಬೇಕು. ಉಳಿದ ಕಾರಣಗಳಿಗಾಗಿ ಬಿಡುವಾಗ ಬಾಕಿಯನ್ನು ಪೂರ್ತಿ ಸಲ್ಲಿಸಿ, ಕಾರಣವನ್ನು ಮುಖದೆದುರಿಗೇ ಹೇಳಿ ಬಿಡುವುದು ಒಳಿತು. ಊರಿನಲ್ಲಿರುವ ಇಬ್ಬರು ಮೂವರಲ್ಲಿ ಅವನೊಬ್ಬನಾದ್ದರಿಂದ ನಡುರಾತ್ರಿ ಲಾಳ ಕಳಚಿಬಿದ್ದಾಗ ಅವನ ಬಾಗಿಲನ್ನೇ ತಟ್ಟಬೇಕಾದೀತು. ಬಿಚ್ಚಿದ ಹಳೆಯ ಲಾಳಗಳನ್ನು ಅದೃಷ್ಟಕ್ಕೆಂದು ಬಾಗಿಲಿಗೆ ಹೊಡೆಯುವ ಪದ್ಧತಿ ಅನೇಕ ಮನೆಗಳಲ್ಲುಂಟು. ಹೊಡೆಯುವುದಕ್ಕೆ ಮುಂಚೆ ಅವನ್ನು ಹೊಸಬನಿಗೆ ಒಮ್ಮೆ ತೋರಿಸಬೇಕು. ಯಾವ ಮಗ್ಗುಲು ಹೆಚ್ಚು ಸವೆದಿದೆ, ಏಕೆ ಸವೆದಿದೆ ಎಂದು ಅವನು ಕೇಳಿದರೆ ಮೊದಲ ಸರದಿಗೆ ಕುದುರೆಯನ್ನು ಅವನ ಕೈಗೆ ಒಪ್ಪಿಸಬಹುದು.