ಕೇಳಲೆಂದೇ ಊರೂರು ತಿರುಗಿದವರು

ಒಬ್ಬ ಮನುಷ್ಯ ಒಂದೇ ತಂಡದ ಕಛೇರಿಯನ್ನು ಇನ್ನೂರು ಸಲ ಕೇಳಿದ್ದಾನೆ ಎಂದರೆ ಮನೆಮಂದಿ ಹೇಳುವ ಮಾತು ಎರಡೇ. ಮಾಡಲು ಬೇರೆ ಕೆಲಸವಿಲ್ಲ. ಇಲ್ಲವೇ ತಲೆ ಕೆಟ್ಟಿದೆ. ಅಮೆರಿಕದ ಗ್ರೇಟ್‌ಫುಲ್ ಡೆಡ್ ಎಂಬ ರಾಕ್ ತಂಡದ ಬೆನ್ನು ಹತ್ತಿ ವರ್ಷಗಟ್ಟಲೆ ತಿರುಗಿದ 'ಡೆಡ್‌ಹೆಡ್'ಗಳ ಬಗ್ಗೆ ಅಲ್ಲಿನ ಜನವೂ ಹೆಚ್ಚುಕಡಿಮೆ ಇದನ್ನೇ ಹೇಳಿದರು. ಓದು ಬಿಟ್ಟವರು, ಕೆಲಸ ಬಿಟ್ಟವರು, ಹಳೆಯ ವ್ಯಾನಿನಲ್ಲಿ ಮಲಗಿ ಊರಿಂದೂರಿಗೆ ಹೋಗುವವರು ಎಂಬ ಚಿತ್ರವೇ ಪತ್ರಿಕೆಗಳಲ್ಲಿ ಉಳಿಯಿತು. ಈ ಬದುಕನ್ನು ದಂಡ ಎಂದು ತಳ್ಳಿಹಾಕುವುದು ತಪ್ಪು. ಆದರೆ ಅದನ್ನು ಹಾಡಿ ಹೊಗಳುವವರೂ ಒಂದು ಲೆಕ್ಕವನ್ನು ಮುಚ್ಚಿಡುತ್ತಾರೆ. ಎರಡನ್ನೂ ಒಟ್ಟಿಗೇ ನೋಡಬೇಕು.

ತಂಡ ಹುಟ್ಟಿದ್ದು 1965ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ಸೀಮೆಯಲ್ಲಿ. ಗಿಟಾರ್ ವಾದಕ ಜೆರಿ ಗಾರ್ಸಿಯಾ ತೀರಿಕೊಂಡ 1995ರವರೆಗೆ, ಮೂವತ್ತು ವರ್ಷಗಳಲ್ಲಿ, ಅದು ಸುಮಾರು 2,300 ಕಛೇರಿ ನಡೆಸಿತು. ಇಷ್ಟರಲ್ಲಿ ಯಾವ ಎರಡು ರಾತ್ರಿಯೂ ಒಂದೇ ತರಹ ಇರಲಿಲ್ಲ. ಯಾವ ಹಾಡಿನ ನಂತರ ಯಾವುದು ಎಂದು ಮೊದಲೇ ಗೊತ್ತಿರುತ್ತಿರಲಿಲ್ಲ. 'ಡಾರ್ಕ್ ಸ್ಟಾರ್' ಎಂಬ ಹಾಡು ರೆಕಾರ್ಡಿನಲ್ಲಿ ಮೂರು ನಿಮಿಷವೂ ಇಲ್ಲ. ವೇದಿಕೆಯಲ್ಲಿ ಅದು ಅರ್ಧ ಗಂಟೆಗೂ ಮೀರಿ ಬೆಳೆಯುತ್ತಿತ್ತು. ಇದನ್ನೇ ಅಲ್ಲಿನವರು 'ಜ್ಯಾಮ್' ಎನ್ನುತ್ತಾರೆ. ಮನೋಧರ್ಮ ಸಂಗೀತ ಕೇಳಿ ಬೆಳೆದವರಿಗೆ ಇದು ಹೊಸದಲ್ಲ. ಅದೇ ಪ್ರಸಂಗದ ಅದೇ ಪಾತ್ರ ಇವತ್ತು ಯಾವ ಮಾತು ಆಡುತ್ತದೋ ನೋಡೋಣ ಎಂದು ಮೇಳದ ಹಿಂದೆ ಹೋಗುವ ಯಕ್ಷಗಾನದ ಪ್ರೇಕ್ಷಕನಿಗೂ ಇದರ ರುಚಿ ಗೊತ್ತು.

ಭಾರತದೊಡನೆ ತಂಡಕ್ಕೆ ನೇರ ನಂಟೂ ಇತ್ತು. ಡ್ರಮ್ಮರ್ ಮಿಕಿ ಹಾರ್ಟ್ 1960ರ ದಶಕದಲ್ಲೇ ಉಸ್ತಾದ್ ಅಲ್ಲಾ ರಖಾ ಅವರಿಂದ ತಾಳದ ಲೆಕ್ಕಾಚಾರ ಕಲಿತರು; ಆ ದಿನಗಳ ಒಂದು ಹಾಡಿಗೆ ಹನ್ನೊಂದು ಮಾತ್ರೆಯ ಆವರ್ತ, ಹೆಸರೂ 'ದಿ ಇಲೆವೆನ್'. ಮುಂದೆ ಅಲ್ಲಾ ರಖಾರ ಮಗ ಜಾಕಿರ್ ಹುಸೇನ್, ಘಟಂ ವಿಕ್ಕು ವಿನಾಯಕ್‌ರಾಮ್ ಅವರೊಡನೆ ಹಾರ್ಟ್ ಮಾಡಿದ 'ಪ್ಲ್ಯಾನೆಟ್ ಡ್ರಮ್' 1991ರಲ್ಲಿ ಹೊರಬಂದು ಗ್ರ್ಯಾಮಿ ಪಡೆಯಿತು.

ಹೀಗೆ ನುಡಿಸುವ ತಂಡಕ್ಕೆ ನೆನಪಿಟ್ಟುಕೊಂಡು ಕೇಳುವವರು ಬೇಕು. ಹೋದ ವಾರ ಈ ಹಾಡು ಎಲ್ಲಿ ತಿರುಗಿತು, ಇವತ್ತು ಎಲ್ಲಿ ತಿರುಗಿತು ಎಂದು ಹೋಲಿಸಬಲ್ಲ ಕಿವಿ ಬೇಕು. ಒಂದೇ ಸಲ ಬಂದವನಿಗೆ ಅರ್ಧ ಗಂಟೆಯ ಅಲೆದಾಟ ಬೇಸರ ತರಿಸಬಹುದು. ಐವತ್ತನೆಯ ಸಲ ಬಂದವನಿಗೆ ಆ ಅಲೆದಾಟದಲ್ಲೇ ದಾರಿ ಕಾಣುತ್ತದೆ. ವಾದಕ ಎಡವಿದ್ದೂ ಅವನಿಗೆ ಗೊತ್ತಾಗುತ್ತದೆ, ಎಡವಿ ಹೊಸದೊಂದು ಹಿಡಿದದ್ದೂ ಗೊತ್ತಾಗುತ್ತದೆ. ಇಂಥವರು ಎದುರಿಗಿದ್ದರೆ ಮಾತ್ರ ವಾದಕರು ಧೈರ್ಯವಾಗಿ ಎಡವಬಲ್ಲರು.

ತಂಡಕ್ಕೂ ಇದು ಅರ್ಥವಾಗಿತ್ತು. 1971ರ ಲೈವ್ ಆಲ್ಬಮ್ಮಿನ ಒಳಗೆ, ನೀವು ಯಾರು, ಎಲ್ಲಿದ್ದೀರಿ, ಬರೆದು ತಿಳಿಸಿ ಎಂಬ ಕೋರಿಕೆ ಅಚ್ಚಾಗಿತ್ತು. ಬಂದ ವಿಳಾಸಗಳಿಂದ ದೊಡ್ಡ ಅಂಚೆ ಪಟ್ಟಿಯೇ ಬೆಳೆಯಿತು. 1983ರಿಂದ ತಂಡವೇ ಅಂಚೆಯ ಮೂಲಕ ಟಿಕೆಟ್ ಮಾರತೊಡಗಿತು. ಅಭಿಮಾನಿಗಳು ಮನಿ ಆರ್ಡರ್ ಇಟ್ಟ ಲಕೋಟೆಯ ಮೇಲೆ ಅಸ್ಥಿಪಂಜರ, ಗುಲಾಬಿ, ಕುಣಿಯುವ ಕರಡಿಗಳ ಚಿತ್ರ ಬರೆದು ಕಳಿಸುತ್ತಿದ್ದರು. ಆ ಲಕೋಟೆಗಳು ಈಗ ಸಾಂಟಾ ಕ್ರೂಜ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ.

ಹಿಂಬಾಲಿಸುವ ಬದುಕಿನ ಖರ್ಚು ಹುಟ್ಟುತ್ತಿದ್ದದ್ದು ಸಭಾಂಗಣದ ಹೊರಗಿನ ಪಾರ್ಕಿಂಗ್ ಜಾಗದಲ್ಲಿ. ಅಲ್ಲಿ ಏಳುತ್ತಿದ್ದ ಸಂತೆಗೆ ತಂಡದ ಹಾಡೊಂದರಿಂದಲೇ 'ಶೇಕ್‌ಡೌನ್ ಸ್ಟ್ರೀಟ್' ಎಂಬ ಹೆಸರು ಬಿತ್ತು. ಚೀಸ್ ಸುಟ್ಟ ಸ್ಯಾಂಡ್‌ವಿಚ್, ಬಣ್ಣ ಕಟ್ಟಿದ ಟೀ ಶರ್ಟ್, ಮಣಿಸರ ಮಾರಿ ಬಂದ ದುಡ್ಡಿನಲ್ಲಿ ಮುಂದಿನ ಊರಿಗೆ ಪೆಟ್ರೋಲು, ಮುಂದಿನ ರಾತ್ರಿಗೆ ಟಿಕೆಟ್ಟು. ಟಿಕೆಟ್ ಇಲ್ಲದವನು ಒಂದು ಬೆರಳು ಮೇಲೆತ್ತಿ ನಿಲ್ಲುತ್ತಿದ್ದ: ಪುಣ್ಯಾತ್ಮರು ಯಾರಾದರೂ ಒಂದು ಕೊಡಿ ಎಂದು. ಎಷ್ಟೋ ಸಲ ಯಾರೋ ಕೊಡುತ್ತಿದ್ದರು. ವರ್ಷಕ್ಕೆ ಎಪ್ಪತ್ತು ಎಂಬತ್ತು ಕಛೇರಿ ನಡೆಯುತ್ತಿದ್ದ ಕಾಲದಲ್ಲಿ ಇದೊಂದು ಪೂರ್ಣಾವಧಿ ಜೀವನವಾಗಬಹುದಿತ್ತು. ಆದರೆ ಎಲ್ಲರೂ ಹೀಗೆ ಬದುಕಲಿಲ್ಲ. ವಕೀಲರೂ ಮೇಷ್ಟರೂ ರಜೆ ಹಾಕಿ ಬಂದು ಸೋಮವಾರ ಕೆಲಸಕ್ಕೆ ಹಾಜರಾಗುತ್ತಿದ್ದರು.

ಈ ಜನ ಬಿಟ್ಟುಹೋದ ದೊಡ್ಡ ಆಸ್ತಿ ಧ್ವನಿಮುದ್ರಣಗಳು. ಬೇರೆ ತಂಡಗಳು ಟೇಪ್ ರೆಕಾರ್ಡರ್ ಕಂಡರೆ ಕಿತ್ತುಕೊಳ್ಳುತ್ತಿದ್ದ ಕಾಲದಲ್ಲಿ ಗ್ರೇಟ್‌ಫುಲ್ ಡೆಡ್ ಸುಮ್ಮನಿತ್ತು. 1984ರಲ್ಲಿ ಮುದ್ರಿಸಿಕೊಳ್ಳುವವರಿಗೆಂದೇ ಪ್ರತ್ಯೇಕ ಜಾಗ ಕೊಟ್ಟಿತು. ಮೈಕುಗಳ ಕಂಬಗಳು ಅಲ್ಲಿ ಗದ್ದೆಯ ಪೈರಿನಂತೆ ಎದ್ದು ನಿಲ್ಲುತ್ತಿದ್ದವು. ಟೇಪು ಕೈಯಿಂದ ಕೈಗೆ ಹೋಗಬೇಕು, ದುಡ್ಡಿಗೆ ಮಾರಬಾರದು ಎಂಬುದು ಅವರವರಲ್ಲೇ ಇದ್ದ ಕಟ್ಟುಪಾಡು. ಖಾಲಿ ಕ್ಯಾಸೆಟ್ಟು, ಅಂಚೆ ಖರ್ಚು ಕಳಿಸಿದರೆ ಪ್ರತಿ ಸಿಗುತ್ತಿತ್ತು. 1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್‌ನಲ್ಲಿ ನಡೆದ ಕಛೇರಿಯನ್ನು ಮುದ್ರಿಸಿದ್ದು ತಂಡದ ಧ್ವನಿ ತಂತ್ರಜ್ಞೆ ಬೆಟ್ಟಿ ಕ್ಯಾಂಟರ್ ಜಾಕ್ಸನ್. ಆದರೆ ಅದನ್ನು ನಲವತ್ತು ವರ್ಷ ಜೀವಂತ ಇಟ್ಟವರು ಅಭಿಮಾನಿಗಳು. ಅಧಿಕೃತ ಆಲ್ಬಮ್ ಬಂದದ್ದು 2017ರಲ್ಲಿ. ಅದಕ್ಕೂ ಮೊದಲೇ ಆ ಮುದ್ರಣ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿ ಸೇರಿತ್ತು. ಕೆಲಸವಿಲ್ಲದವರು ಎಂದು ಕರೆಸಿಕೊಂಡವರು ಮಾಡಿದ ಕೆಲಸ ಇದು.

ಇನ್ನು ಮುಚ್ಚಿಡುವ ಲೆಕ್ಕ. ಆ ಸಂತೆಯಲ್ಲಿ ಎಲ್‌ಎಸ್‌ಡಿ ಮತ್ತಿತರ ಮಾದಕವಸ್ತುಗಳೂ ಸಿಗುತ್ತಿದ್ದವು. 1986ರ ಕಾನೂನಿನ ಪ್ರಕಾರ ಶಿಕ್ಷೆ ತೂಕದ ಮೇಲೆ. ಎಲ್‌ಎಸ್‌ಡಿ ಹೀರಿಸಿದ ಕಾಗದದ ತೂಕವನ್ನೂ ಸೇರಿಸಿ ಲೆಕ್ಕ ಹಾಕುವುದು ಸರಿ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1991ರಲ್ಲಿ ತೀರ್ಪು ಕೊಟ್ಟಿತು. ಆ ಪ್ರಕರಣದಲ್ಲಿ ಶುದ್ಧ ವಸ್ತು ಇದ್ದದ್ದು 50 ಮಿಲಿಗ್ರಾಂ. ಕಾಗದ ಸೇರಿ 5.7 ಗ್ರಾಂ. ಐದು ವರ್ಷದ ಕಡ್ಡಾಯ ಜೈಲಿಗೆ ಒಂದು ಗ್ರಾಂ ಸಾಕಾಗಿತ್ತು. ಪಾರ್ಕಿಂಗ್ ಜಾಗದಿಂದ ಜೈಲಿಗೆ ಹೋದ ಹುಡುಗರ ಬದುಕನ್ನು 'ಸ್ವಚ್ಛಂದ' ಎಂಬ ಪದದಲ್ಲಿ ಹುದುಗಿಸಲಾಗದು. ಅದೇ ಜನರ ನಡುವೆ, ಚಟ ಬಿಟ್ಟವರು 'ವಾರ್ಫ್ ರ‍್ಯಾಟ್ಸ್' ಎಂಬ ಗುಂಪು ಕಟ್ಟಿಕೊಂಡು, ಮಧ್ಯಂತರದಲ್ಲಿ ಹಳದಿ ಬಲೂನಿನ ಕೆಳಗೆ ಸೇರಿ ಒಬ್ಬರಿಗೊಬ್ಬರು ಆಸರೆಯಾದರು ಎಂಬುದನ್ನೂ ಹೇಳಬೇಕು.

1987ರಲ್ಲಿ 'ಟಚ್ ಆಫ್ ಗ್ರೇ' ಹಾಡು ದೇಶದ ಮೊದಲ ಹತ್ತರಲ್ಲಿ ಸ್ಥಾನ ಪಡೆದಾಗ ಜನ ನುಗ್ಗಿ ಬಂದರು. ಎಷ್ಟೋ ಮಂದಿಗೆ ಒಳಗಿನ ಸಂಗೀತಕ್ಕಿಂತ ಹೊರಗಿನ ಸಂತೆಯೇ ಮುಖ್ಯವಾಯಿತು. 1995ರ ಜುಲೈ 2ರಂದು ಇಂಡಿಯಾನಾದ ಡೀರ್ ಕ್ರೀಕ್‌ನಲ್ಲಿ ಟಿಕೆಟ್ ಇಲ್ಲದ ಸಾವಿರಾರು ಜನ ಬೇಲಿ ಕಿತ್ತು ಒಳನುಗ್ಗಿದರು. ಮರುದಿನದ ಕಛೇರಿ ರದ್ದಾಯಿತು. ಹೀಗೇ ಆದರೆ ಪ್ರವಾಸವೇ ನಿಂತೀತು ಎಂದು ತಂಡ ಅಭಿಮಾನಿಗಳಿಗೆ ಪತ್ರ ಬರೆಯಿತು. ಒಂದು ವಾರದ ನಂತರ, ಜುಲೈ 9ರಂದು, ಶಿಕಾಗೋದ ಸೋಲ್ಜರ್ ಫೀಲ್ಡ್‌ನಲ್ಲಿ ನಡೆದದ್ದೇ ಕೊನೆಯ ಕಛೇರಿ.

ಗಾರ್ಸಿಯಾ 1986ರಲ್ಲೇ ಮಧುಮೇಹದಿಂದ ಕೋಮಾಕ್ಕೆ ಜಾರಿ ಬದುಕಿ ಬಂದಿದ್ದರು. ಹೆರಾಯಿನ್ ಚಟ ಅವರನ್ನು ಬಿಟ್ಟಿರಲಿಲ್ಲ. 1995ರ ಆಗಸ್ಟ್ 9ರಂದು ಚಟ ಬಿಡಿಸುವ ಕೇಂದ್ರವೊಂದರಲ್ಲಿ ತೀರಿಕೊಂಡಾಗ ವಯಸ್ಸು 53. ಸಾವಿಗೆ ಅಭಿಮಾನಿಗಳು ಕಾರಣ ಎನ್ನುವುದು ಅನ್ಯಾಯ. ಆದರೂ ಒಂದು ಮಾತು ಉಳಿಯುತ್ತದೆ. ತಂಡದ ಸಿಬ್ಬಂದಿಯ ಸಂಬಳದಿಂದ ಹಿಡಿದು ಸಂತೆಯ ಸ್ಯಾಂಡ್‌ವಿಚ್ಚಿನವರೆಗೆ ಎಲ್ಲರ ಅನ್ನವೂ ಮುಂದಿನ ಕಛೇರಿಯ ಮೇಲೆ ನಿಂತಿತ್ತು. ವೇದಿಕೆಯ ಮೇಲೆ ದಣಿದ, ಬೆರಳು ತಡವರಿಸುವ ಮನುಷ್ಯ ಕಾಣುತ್ತಿದ್ದ. ಅಷ್ಟು ಸೂಕ್ಷ್ಮವಾಗಿ ಕೇಳಬಲ್ಲ ಕಿವಿಗಳು ಅದನ್ನೂ ಕೇಳಿಸಿಕೊಂಡವು, ಮುಂದಿನ ಊರಿನ ಟಿಕೆಟ್ಟನ್ನೂ ತೆಗೆದುಕೊಂಡವು. ಅವರು ನಿಲ್ಲಲಿ, ವಿಶ್ರಮಿಸಲಿ ಎಂದು ಬಯಸುವುದು ಆ ಬದುಕಿನೊಳಗಿದ್ದವರಿಗೆ ಬಹಳ ಕಷ್ಟವಿತ್ತು. ದೀರ್ಘಕಾಲದ ಅಭಿಮಾನಕ್ಕೆ ಎಲ್ಲ ಕಡೆಯೂ ಇರುವ ಕುರುಡು ಇದು. ಮುಪ್ಪಾದ ನಟನಿಂದ ಇನ್ನೊಂದು ಸಿನಿಮಾ, ಮಂಡಿ ಸವೆದ ಆಟಗಾರನಿಂದ ಇನ್ನೊಂದು ಸರಣಿ ಬಯಸುವವರಿಗೂ ಇದು ಅನ್ವಯಿಸುತ್ತದೆ.

ಗಾರ್ಸಿಯಾ ಹೋದ ಮೇಲೂ ಡೆಡ್‌ಹೆಡ್‌ಗಳು ಚದುರಲಿಲ್ಲ. 2005ರಲ್ಲಿ ಇಂಟರ್ನೆಟ್ ಆರ್ಕೈವ್‌ನಲ್ಲಿದ್ದ ಮುದ್ರಣಗಳ ಡೌನ್‌ಲೋಡ್ ತಂಡದ ಕಡೆಯವರ ಕೋರಿಕೆಯಿಂದ ನಿಂತಾಗ ಅವರು ಸಿಟ್ಟಾಗಿ ಪ್ರತಿಭಟಿಸಿದರು. ಕೆಲವೇ ದಿನಗಳಲ್ಲಿ ರಾಜಿಯಾಯಿತು: ಪ್ರೇಕ್ಷಕರು ತಮ್ಮ ಮೈಕಿನಲ್ಲಿ ಹಿಡಿದದ್ದನ್ನು ಇಳಿಸಿಕೊಳ್ಳಬಹುದು, ತಂಡದ ಧ್ವನಿಫಲಕದಿಂದ ನೇರ ಬಂದದ್ದನ್ನು ಅಲ್ಲೇ ಕೇಳಬಹುದು. ಈ ಹಂಚಿಕೆ ನ್ಯಾಯವಾದದ್ದು. ನುಡಿಸಿದ ಕೈಗಳ ಹಕ್ಕು ಅವರಿಗೆ. ಕೇಳಿ, ಹೊತ್ತು ತಂದು, ಕಾಪಾಡಿದವರ ಪಾಲು ಇವರಿಗೆ.

ಹಾಗಾಗಿ ಇನ್ನೂರು ಸಲ ಕೇಳಿದವನನ್ನು ಕಂಡಾಗ ಎಷ್ಟು ವರ್ಷ ಕಳೆದೆ ಎಂದು ಕೇಳುವುದಕ್ಕಿಂತ, ಏನು ಉಳಿಸಿಟ್ಟೆ ಎಂದು ಕೇಳುವುದು ಮೇಲು. ಬೇಲಿ ಕಿತ್ತವನೂ ತನ್ನನ್ನು ಅಭಿಮಾನಿ ಎಂದೇ ಕರೆದುಕೊಂಡಿದ್ದ. ಚಳಿಯಲ್ಲಿ ಮೈಕಿನ ಕಂಬ ಹಿಡಿದು ನಿಂತು, ಮನೆಗೆ ಬಂದು, ಗುರುತಿಲ್ಲದವನಿಗೆ ಕ್ಯಾಸೆಟ್ ಪ್ರತಿ ಮಾಡಿ ಅಂಚೆಗೆ ಹಾಕಿದವನೂ ಅಭಿಮಾನಿಯೇ. ಇವತ್ತು ಆ ರಾತ್ರಿಗಳ ಸಂಗೀತ ಮುಂಬೈಯ ಲೋಕಲ್ ರೈಲಿನಲ್ಲಿ ನಿಂತವರಿಗೂ ಕೇಳಲು ಸಿಗುತ್ತಿದ್ದರೆ, ಅದಕ್ಕೆ ಎರಡನೆಯವನು ಕಾರಣ.