ದುಡ್ಡು ಕೊಟ್ಟರೆ ಡಿಫೆಂಡರ್ ಸಿಗ್ತಾನೆ, ಡಿಫೆನ್ಸ್ ಸಿಗಲ್ಲ

ಬೆಂಗಳೂರು ಬುಲ್ಸ್ ಸೋತ ರಾತ್ರಿ ನಮ್ಮೂರುಗಳಲ್ಲಿ ಎರಡು ಪಾರ್ಟಿ ಹುಟ್ಟಿಕೊಳ್ಳುತ್ತವೆ. "ಡಿಫೆನ್ಸ್ ದಂಡ, ಕಾರ್ನರ್‌ನಲ್ಲಿ ನಿಂತವನಿಗೆ ಕಾಲು ಹಿಡಿಯೋಕೇ ಬರಲ್ಲ" ಅನ್ನೋದು ಒಂದು ಪಾರ್ಟಿ. "ಹುಡುಗರದ್ದೇನು ತಪ್ಪಣ್ಣ, ಮೊದಲು ಆ ಕೋಚ್‌ನ ಕಳಿಸಿ" ಅನ್ನೋದು ಇನ್ನೊಂದು. ಡೇರಿ ಮುಂದಿನ ಕಟ್ಟೆ, ಕಟಿಂಗ್ ಶಾಪ್, ವಾಟ್ಸಾಪ್ ಗ್ರೂಪ್, ಎಲ್ಲಿ ಹೋದರೂ ಇದೇ ವಾದ. ಸೀಸನ್ ಮುಗಿದರೂ ವಾದ ಮುಗಿಯುವುದಿಲ್ಲ.

ಈ ವಾದ ಬೇಡ ಅಂತ ನಾವು ಹೇಳುತ್ತಿಲ್ಲ. ಆಟದ ಮೇಲೆ ಪ್ರೀತಿ ಇರುವವರೇ ಜಗಳ ಆಡುವುದು. ಆದರೆ ಎರಡೂ ಪಾರ್ಟಿಯವರು ಒಂದು ಮಾತನ್ನು ಬಿಟ್ಟು ಮಾತಾಡುತ್ತಿದ್ದಾರೆ ಅನ್ನುವುದು ನಮ್ಮ ಅಭಿಪ್ರಾಯ. ಡಿಫೆನ್ಸ್ ಅನ್ನುವುದು ಒಬ್ಬ ಆಟಗಾರನಲ್ಲ, ಒಬ್ಬ ಕೋಚ್ ಕೂಡ ಅಲ್ಲ. ಅದು ಜೊತೆಗಾರಿಕೆ. ಅದನ್ನು ಕಟ್ಟೋಕೆ ವರ್ಷಗಳು ಬೇಕು, ಒಡೆಯೋಕೆ ಒಂದು ಹರಾಜು ಸಾಕು.

ಲೆಕ್ಕ ಏನು ಹೇಳುತ್ತದೆ

ಪ್ರೊ ಕಬಡ್ಡಿ 11ನೇ ಸೀಸನ್ ನೆನಪು ಮಾಡಿಕೊಳ್ಳಿ. 2024ರ ಅಕ್ಟೋಬರ್ 18ರಂದು ಹೈದರಾಬಾದಿನಲ್ಲಿ ನಡೆದ ಮೊದಲ ಪಂದ್ಯದಲ್ಲೇ ತೆಲುಗು ಟೈಟಾನ್ಸ್ ಎದುರು 37-29ರಲ್ಲಿ ಬುಲ್ಸ್ ಸೋತಿತು. ಸೀಸನ್ ಮುಗಿಯುವಾಗ 22 ಪಂದ್ಯದಲ್ಲಿ ಗೆದ್ದದ್ದು 2, ಸಮ ಮಾಡಿಕೊಂಡದ್ದು 1, ಸೋತದ್ದು 19. ಹನ್ನೆರಡು ತಂಡಗಳಲ್ಲಿ ಹನ್ನೆರಡನೇ ಸ್ಥಾನ.

ಆಗ ಎಲ್ಲರೂ ಡಿಫೆನ್ಸ್ ಮೇಲೆ ಹರಿಹಾಯ್ದರು. ಆದರೆ ಆ ಸೀಸನ್‌ನಲ್ಲಿ ಅತಿ ಹೆಚ್ಚು ಟ್ಯಾಕಲ್ ಪಾಯಿಂಟ್ ತಂದವರ ಪಟ್ಟಿ ತೆಗೆದು ನೋಡಿದರೆ ಮೇಲಿನ ಹೆಸರುಗಳಲ್ಲೇ ಬುಲ್ಸ್‌ನ ನಿತಿನ್ ರಾವಲ್ ಇದ್ದಾರೆ. ಕೊನೇ ಸ್ಥಾನದ ತಂಡದಲ್ಲಿ ದೇಶದ ಒಳ್ಳೆಯ ಡಿಫೆಂಡರ್! ಒಬ್ಬ ಚೆನ್ನಾಗಿ ಹಿಡಿದರೆ ಪಂದ್ಯ ಗೆಲ್ಲಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಇನ್ನು ಹಣ ಎಲ್ಲಿಗೆ ಹೋಯಿತು ನೋಡಿ. ಹರಾಜಿನಲ್ಲಿ ಒಂದು ತಂಡ ಖರ್ಚು ಮಾಡಬಹುದಾದದ್ದು ಒಟ್ಟು 5 ಕೋಟಿ. ಅದರಲ್ಲಿ ಬುಲ್ಸ್ ಅಜಿಂಕ್ಯ ಪವಾರ್‌ಗೆ 1.107 ಕೋಟಿ, ಪರ್ದೀಪ್ ನರ್ವಾಲ್‌ಗೆ 70 ಲಕ್ಷ ಕೊಟ್ಟಿತು. ಇಬ್ಬರು ರೈಡರ್‌ಗಳಿಗೇ ಮೂರನೇ ಒಂದು ಪಾಲಿಗಿಂತ ಜಾಸ್ತಿ. ಪರ್ದೀಪ್ ಈ ಲೀಗ್ ಕಂಡ ದೊಡ್ಡ ರೈಡರ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ವರ್ಷ ಅವರ ಹಳೇ ವೇಗ ಇರಲಿಲ್ಲ.

ರೈಡರ್ ಔಟಾಗಿ ಹೊರಗೆ ಕೂತರೆ ಪೆಟ್ಟು ಬೀಳುವುದು ಡಿಫೆನ್ಸ್‌ಗೇ. ಏಳು ಜನ ಕಾಯಬೇಕಾದ ಅಂಗಳವನ್ನು ನಾಲ್ಕು ಜನ ಕಾಯಬೇಕು. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ತೆರೆದಿರುತ್ತದೆ. ಟಿ.ವಿ.ಯಲ್ಲಿ ನಮಗೆ ಕಾಣುವುದು ಕೈ ಜಾರಿದ ಕಾರ್ನರ್ ಮಾತ್ರ. ಅವನ ಪಕ್ಕದಲ್ಲಿ ಯಾರೂ ಇರಲಿಲ್ಲ ಅನ್ನೋದು ಕಾಣುವುದಿಲ್ಲ.

ಎತ್ತಿನ ಜೋಡಿಯ ಪಾಠ

ರೈತರ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇರೆ ಬೇರೆ ಜಾತ್ರೆಯಿಂದ ತಂದ ಎರಡು ಎತ್ತನ್ನು ಮಾರನೇ ದಿನವೇ ನೊಗಕ್ಕೆ ಕಟ್ಟಿದರೆ ಸಾಲು ನೆಟ್ಟಗೆ ಬರುವುದಿಲ್ಲ. ಎರಡೂ ಒಳ್ಳೆಯ ಎತ್ತೇ ಇರಬಹುದು. ಒಂದರ ಹೆಜ್ಜೆ ಇನ್ನೊಂದಕ್ಕೆ ಗೊತ್ತಾಗಬೇಕು.

ಕಬಡ್ಡಿಯಲ್ಲೂ ಹಾಗೇ. ಕಾರ್ನರ್‌ನವನು ಪಾದ ಹಿಡಿದ ಆ ಅರ್ಧ ಸೆಕೆಂಡಿನಲ್ಲಿ ಕವರ್‌ನವನು ಎದೆಗೆ ಬಂದು ಬೀಳಬೇಕು. ಅವನು ನೋಡಿ, ಯೋಚನೆ ಮಾಡಿ ಬಂದರೆ ತಡವಾಯಿತು. ಜೊತೆಗಾರ ಯಾವಾಗ ನುಗ್ಗುತ್ತಾನೆ ಅನ್ನುವುದು ಮೊದಲೇ ಗೊತ್ತಿರಬೇಕು. ಅದು ನೂರಾರು ಪ್ರಾಕ್ಟೀಸ್‌ನಲ್ಲಿ ಬರುವ ಗುರುತು.

ಬುಲ್ಸ್ ಇತಿಹಾಸವೇ ಇದನ್ನು ತೋರಿಸುತ್ತದೆ. 2019ರ ಜನವರಿ 5ರಂದು ಮುಂಬೈನಲ್ಲಿ ಗುಜರಾತ್ ತಂಡವನ್ನು 38-33ರಿಂದ ಸೋಲಿಸಿ 6ನೇ ಸೀಸನ್ ಕಪ್ ಗೆದ್ದಾಗ ಪವನ್ ಸೆಹ್ರಾವತ್ ಒಬ್ಬರೇ 22 ಪಾಯಿಂಟ್ ತಂದರು. ನಮ್ಮೆಲ್ಲರ ನೆನಪಿನಲ್ಲಿ ಉಳಿದದ್ದು ಅದೇ. ಆಮೇಲೆ 7, 8, 9ನೇ ಸೀಸನ್ ಮೂರರಲ್ಲೂ ತಂಡ ಸೆಮಿಫೈನಲ್ ಮುಟ್ಟಿತು. ಆದರೆ 9ನೇ ಸೀಸನ್‌ಗೆ ಪವನ್ ತಂಡದಲ್ಲಿ ಇರಲೇ ಇಲ್ಲ. 2022ರ ಹರಾಜಿನಲ್ಲಿ 2.26 ಕೋಟಿಗೆ ತಮಿಳ್ ತಲೈವಾಸ್‌ಗೆ ಹೋಗಿದ್ದರು. ಆದರೂ ಬುಲ್ಸ್ ಸೆಮಿಫೈನಲ್ ಆಡಿತು.

ಹೇಗೆ? ಭರತ್ ಆ ವರ್ಷ ಅಬ್ಬರದ ರೈಡಿಂಗ್ ಮಾಡಿದರು, ಅದು ನಿಜ. ಆದರೆ ಹಿಂದೆ ನಿಂತವರನ್ನೂ ನೋಡಿ. ಕವರ್‌ನಲ್ಲಿ ಮಹೇಂದರ್ ಸಿಂಗ್, ಕಾರ್ನರ್‌ನಲ್ಲಿ ಸೌರಭ್ ನಂದಲ್. 7ನೇ ಸೀಸನ್‌ನಿಂದ ಇಬ್ಬರೂ ಜೊತೆಗೆ ಆಡಿದವರು. 10ನೇ ಸೀಸನ್‌ಗೆ ಮಹೇಂದರ್ ಯು ಮುಂಬಾಗೆ ಹೋದರು. ಸೌರಭ್ ಉಳಿದರು, ಕ್ಯಾಪ್ಟನ್ ಕೂಡ ಆದರು. ತಂಡ ಎಂಟನೇ ಸ್ಥಾನಕ್ಕೆ ಇಳಿಯಿತು. ಅದರ ಮುಂದಿನ ವರ್ಷ ಹನ್ನೆರಡನೇ ಸ್ಥಾನ.

ದೊಡ್ಡ ರೈಡರ್ ಹೋದಾಗಲೂ ನಿಂತಿದ್ದ ತಂಡ, ಜೋಡಿ ಮುರಿದ ಮೇಲೆ ನಿಲ್ಲಲಿಲ್ಲ. ಇದೊಂದೇ ಕಾರಣ ಅಂತ ನಾವು ಹಟ ಮಾಡುವುದಿಲ್ಲ. ಆದರೆ ಇದನ್ನು ಬಿಟ್ಟು ಮಾತಾಡಿದರೆ ಲೆಕ್ಕ ಕೂಡುವುದಿಲ್ಲ.

ಕೋಚ್ ತಪ್ಪು ಎಷ್ಟು?

ರಣಧೀರ್ ಸಿಂಗ್ ಸೆಹ್ರಾವತ್ 2014ರ ಮೊದಲ ಸೀಸನ್‌ನಿಂದ 11ನೇ ಸೀಸನ್‌ವರೆಗೆ ಬುಲ್ಸ್ ಕೋಚ್ ಆಗಿದ್ದವರು. ಒಂದು ಕಪ್ ತಂದರು, 2015ರಲ್ಲಿ ಫೈನಲ್‌ವರೆಗೆ ಕರೆದುಕೊಂಡು ಹೋದರು. ಎಂಟನೇ ಸ್ಥಾನ, ಆಮೇಲೆ ಕೊನೇ ಸ್ಥಾನ ಬಂದ ಮೇಲೆ ಬದಲಾವಣೆ ಕೇಳಿದ್ದು ಅನ್ಯಾಯವಲ್ಲ. ತಂಡ ಆರಿಸುವಾಗ ಕೋಚ್ ಮಾತಿಗೆ ತೂಕ ಇರುತ್ತದೆ, ಹಾಗಾಗಿ ಸೋಲಿನಲ್ಲೂ ಪಾಲಿರುತ್ತದೆ. ಆದರೆ ಹತ್ತು ವರ್ಷ ದುಡಿದ ಹಿರಿಯರನ್ನು ಮನಸ್ಸಿಗೆ ಬಂದ ಹಾಗೆ ಬೈದದ್ದು ನಮ್ಮ ಸಂಸ್ಕಾರಕ್ಕೆ ಹೊಂದುವುದಿಲ್ಲ. ಬೈದರೆ ಟ್ಯಾಕಲ್ ಗಟ್ಟಿಯಾಗಲ್ಲ.

12ನೇ ಸೀಸನ್‌ಗೆ ನಮ್ಮ ಕರ್ನಾಟಕದವರೇ ಆದ ಬಿ.ಸಿ. ರಮೇಶ್ ಕೋಚ್ ಆಗಿ ಬಂದರು. ಅರ್ಜುನ ಪ್ರಶಸ್ತಿ ಪಡೆದ ಆಟಗಾರ. ಕೋಚ್ ಆಗಿ 7ನೇ ಸೀಸನ್‌ನಲ್ಲಿ ಬೆಂಗಾಲ್ ವಾರಿಯರ್ಸ್, 10ನೇ ಸೀಸನ್‌ನಲ್ಲಿ ಪುಣೇರಿ ಪಲ್ಟನ್ ತಂಡಕ್ಕೆ ಕಪ್ ಗೆಲ್ಲಿಸಿದವರು. ಈ ಸಲ ಹರಾಜಿನಲ್ಲಿ ಬುಲ್ಸ್ ಹಣ ಡಿಫೆನ್ಸ್ ಕಡೆ ಹರಿಯಿತು. ಯೋಗೇಶ್‌ಗೆ 1.125 ಕೋಟಿ, ಅಂಕುಶ್ ರಾಠಿಗೆ 90.2 ಲಕ್ಷ.

"ಹಾಗಾದರೆ ಡಿಫೆನ್ಸ್ ದುಡ್ಡಿಗೆ ಸಿಕ್ಕಿತಲ್ಲ?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಅಷ್ಟು ಹಣ ಸುರಿದ ಮೇಲೂ ಮೊದಲ ಮೂರು ಪಂದ್ಯ ಸೋತರು. ನಮ್ಮ ವಾಟ್ಸಾಪ್ ಗ್ರೂಪ್‌ಗಳಲ್ಲಿ ಹೊಸ ಕೋಚ್‌ಗೂ ಹಳೇ ಬೈಗುಳ ಶುರುವಾಗಿತ್ತು. ತಂಡ ಮಾತ್ರ ಗಾಬರಿ ಬೀಳಲಿಲ್ಲ. ಆಡುತ್ತ ಆಡುತ್ತ ಕಾರ್ನರ್‌ಗೂ ಕವರ್‌ಗೂ ಹೊಂದಿಕೆ ಬಂತು. ಹಿಂದಿನ ವರ್ಷ ಕೊನೆಯಲ್ಲಿದ್ದ ತಂಡ ಲೀಗ್ ಹಂತದಲ್ಲಿ ಮೂರನೇ ಸ್ಥಾನಕ್ಕೆ ಏರಿ ಪ್ಲೇ-ಆಫ್ ಆಡಿತು. ಕಪ್ ಬರಲಿಲ್ಲ, ಆದರೆ ಮರ್ಯಾದೆ ವಾಪಸ್ ಬಂತು.

ಇನ್ನೊಂದು ಉದಾಹರಣೆ ಕೇಳಿ. ಇರಾನಿನ ಮೊಹಮ್ಮದ್‌ರೆಜಾ ಶಾದ್ಲೂಯಿ ಇವತ್ತಿನ ಅತ್ಯುತ್ತಮ ಡಿಫೆಂಡರ್‌ಗಳಲ್ಲಿ ಒಬ್ಬರು. 2.35 ಕೋಟಿಗೆ ಪುಣೆಗೆ ಹೋದರು, ಪುಣೆ ಗೆದ್ದಿತು. 2.07 ಕೋಟಿಗೆ ಹರಿಯಾಣಕ್ಕೆ ಹೋದರು, ಹರಿಯಾಣ ಗೆದ್ದಿತು. ಅವರಿದ್ದರೆ ಕಪ್ ಗ್ಯಾರಂಟಿ ಅಂದುಕೊಂಡರು ಜನ. 12ನೇ ಸೀಸನ್‌ನಲ್ಲಿ 2.23 ಕೋಟಿಗೆ ಗುಜರಾತ್‌ಗೆ ಹೋದರು. ಗುಜರಾತ್ ಮೊದಲ ಎಂಟರಲ್ಲೂ ಬರಲಿಲ್ಲ. ಆಟಗಾರ ಅವರೇ. ಪಕ್ಕದಲ್ಲಿ ನಿಂತವರು ಬೇರೆ.

ಈಗ ನಮ್ಮ ಊರಿನ ಹರಾಜಿಗೆ ಬರೋಣ

ಬುಲ್ಸ್ ಡಿಫೆನ್ಸ್ ಬಗ್ಗೆ ಇಷ್ಟು ತಿಳಿದು ಮಾತಾಡುವ ನಾವು, ನಮ್ಮ ಊರ ಹುಡುಗರ ಡಿಫೆನ್ಸ್ ಬಗ್ಗೆ ಏನು ಮಾಡಿದ್ದೇವೆ?

ವರದಿಗೆಂದು ನಾವು ಹೋಗುವ ಹೊನಲು ಬೆಳಕಿನ ಪಂದ್ಯಾವಳಿಗಳಲ್ಲಿ ಒಂದೇ ಚಿತ್ರ. ದೊಡ್ಡ ಫ್ಲೆಕ್ಸ್, ಆಳೆತ್ತರದ ಟ್ರೋಫಿ, ವೇದಿಕೆ ತುಂಬ ಗಣ್ಯರು, ಶಾಲು, ಹಾರ. ಅಂಗಳಕ್ಕೆ ಬಂದರೆ ಊರ ಹೆಸರಿನ ಜೆರ್ಸಿ ತೊಟ್ಟವರಲ್ಲಿ ಊರಿನವರು ಮೂರೋ ನಾಲ್ಕೋ. ಉಳಿದವರು ಒಂದು ರಾತ್ರಿಗೆ ದುಡ್ಡು ಕೊಟ್ಟು ಕರೆಸಿದ ಗೆಸ್ಟ್ ಪ್ಲೇಯರ್‌ಗಳು. ಹೆಚ್ಚಾಗಿ ರೈಡರ್‌ಗಳೇ. ವರ್ಷವಿಡೀ ಸಂಜೆ ಮಣ್ಣಲ್ಲಿ ಹೊರಳಾಡಿದ ಊರ ಹುಡುಗ ಬೆಂಚಿನ ಮೇಲೆ ಕೂತು ಚಪ್ಪಾಳೆ ಹೊಡೆಯುತ್ತಾನೆ. ಇದೂ ಹರಾಜೇ ಅಲ್ಲವೇ?

ಗೆಸ್ಟ್ ಪ್ಲೇಯರ್ ಬಂದರೆ ಕಪ್ ಬರಬಹುದು. ತಂಡ ಬೆಳೆಯುವುದಿಲ್ಲ. ಬೆಳಗಾಗುವ ಹೊತ್ತಿಗೆ ಅವರು ಬೈಕ್ ಹತ್ತಿ ಹೋಗಿರುತ್ತಾರೆ.

ಇನ್ನು ಕೋಚ್ ವಿಷಯ. ಬುಲ್ಸ್ ಸೋತರೆ ಬೈಯೋಕೆ ಒಬ್ಬ ಕೋಚ್ ಆದರೂ ಇದ್ದಾರೆ. ನಮ್ಮ ಹುಡುಗರಿಗೆ ಬೈಸಿಕೊಳ್ಳೋಕೂ ಒಬ್ಬರಿಲ್ಲ. ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಪಿ.ಟಿ. ಮೇಷ್ಟ್ರೇ ಇಲ್ಲ. ಇದ್ದಲ್ಲಿ ಅವರಿಗೆ ಆಟ ಬಿಟ್ಟು ಬೇರೆ ಕೆಲಸವೇ ಜಾಸ್ತಿ. ಹಾಗಾಗಿ ಹುಡುಗರ ಕೋಚ್ ಅಂದರೆ ಫೋನು. ಫೋನಿನಲ್ಲಿ ಓಡುವುದು ರೈಡರ್ ಹಾರಿ ಗೆರೆ ಮುಟ್ಟುವ ವಿಡಿಯೊ. ಕಾರ್ನರ್‌ನಲ್ಲಿ ಸುಮ್ಮನೆ ನಿಂತು, ತಾಳ್ಮೆ ಇಟ್ಟುಕೊಂಡು, ನುಗ್ಗದೇ ಇದ್ದದ್ದಕ್ಕೇ ತಂಡ ಉಳಿಸಿದವನ ವಿಡಿಯೊ ಯಾರೂ ಮಾಡುವುದಿಲ್ಲ. ಎಲ್ಲರಿಗೂ ರೈಡರ್ ಆಗಬೇಕು.

ಇದರಿಂದ ಆಗುವ ನಷ್ಟ ಕಪ್ಪಿನದ್ದಷ್ಟೇ ಅಲ್ಲ. ಹೇಗೆ ಬೀಳಬೇಕು, ತಲೆ ಯಾವ ಕಡೆ ಇಟ್ಟು ತೊಡೆ ಹಿಡಿಯಬೇಕು ಅಂತ ಹೇಳಿಕೊಡುವವರಿಲ್ಲದೆ ಹಿಡಿಯಲು ಹೋದ ಹುಡುಗ ಮೊದಲು ಕಳೆದುಕೊಳ್ಳುವುದು ಮಂಡಿ ಅಥವಾ ಭುಜ. ಮಂಡಿ ಹೋದ ಮೇಲೆ ಆಟ ಮಾತ್ರವಲ್ಲ, ಗಾರೆ ಕೆಲಸವೂ ಕಷ್ಟ, ಪೊಲೀಸ್ ಸೆಲೆಕ್ಷನ್ ಓಟವೂ ಕಷ್ಟ. ಇನ್ನು ಮಣ್ಣಿನಲ್ಲಿ ಬರಿಗಾಲಲ್ಲಿ ಕಲಿತವನು ಸೆಲೆಕ್ಷನ್‌ಗೆ ಹೋಗಿ ಮೊದಲ ಸಲ ಮ್ಯಾಟ್ ಮೇಲೆ ಶೂ ಹಾಕಿ ನಿಂತರೆ ಅವನ ಲೆಕ್ಕವೆಲ್ಲ ತಪ್ಪುತ್ತದೆ. ಮಣ್ಣಿನಲ್ಲಿ ಜಾರುತ್ತಿದ್ದ ರೈಡರ್ ಮ್ಯಾಟ್ ಮೇಲೆ ಗಿರ್ರನೆ ತಿರುಗುತ್ತಾನೆ. ಅರ್ಧ ಗಂಟೆಯಲ್ಲಿ ಹುಡುಗ ಮನೆ ದಾರಿ ಹಿಡಿಯುತ್ತಾನೆ. ಅವನಲ್ಲಿ ತಾಕತ್ತು ಇರಲಿಲ್ಲ ಅಂತಲ್ಲ, ಹೇಳಿಕೊಡುವವರು ಇರಲಿಲ್ಲ.

ಕರ್ನಾಟಕದಲ್ಲಿ ಆಟಗಾರರಿಲ್ಲ ಅನ್ನುವಂತಿಲ್ಲ. ಭಾರತಕ್ಕೆ ಏಷ್ಯನ್ ಗೇಮ್ಸ್ ಚಿನ್ನ ತಂದ ಮಮತಾ ಪೂಜಾರಿ, ಪಟ್ನಾ ಪೈರೇಟ್ಸ್ ಕ್ಯಾಪ್ಟನ್ ಆದ ಪ್ರಶಾಂತ್ ಕುಮಾರ್ ರೈ, ಇವರೆಲ್ಲ ನಮ್ಮ ಮಣ್ಣಿನವರೇ.

ನಮ್ಮ ಕೇಳಿಕೆ

ದೊಡ್ಡದೇನೂ ಕೇಳುತ್ತಿಲ್ಲ. ಪಂದ್ಯಾವಳಿ ಮಾಡುವ ಯುವಕ ಸಂಘದ ಅಣ್ಣಂದಿರೇ, ಒಂದು ತಂಡಕ್ಕೆ ಗೆಸ್ಟ್ ಪ್ಲೇಯರ್ ಇಬ್ಬರಿಗಿಂತ ಹೆಚ್ಚು ಬೇಡ ಅಂತ ನಿಯಮ ಮಾಡಿ. ಫ್ಲೆಕ್ಸ್ ಹಣದಲ್ಲಿ ಸ್ವಲ್ಪ ಉಳಿಸಿ, ನಿಮ್ಮ ತಾಲ್ಲೂಕಿನ ಹಳೇ ಆಟಗಾರರೊಬ್ಬರನ್ನು ಕರೆಸಿ ಪಂದ್ಯಾವಳಿಗೆ ಮೊದಲು ಒಂದು ವಾರ ಹುಡುಗ ಹುಡುಗಿಯರಿಗೆ ಹಿಡಿತ ಹೇಳಿಕೊಡಿಸಿ. "ಉತ್ತಮ ಹಿಡಿತಗಾರ" ಪ್ರಶಸ್ತಿಯ ಜೊತೆ "ಉತ್ತಮ ಜೋಡಿ" ಅಂತ ಒಂದು ಬಹುಮಾನ ಇಡಿ, ಇಬ್ಬರಿಗೂ ಸೇರಿ ಕೊಡಿ.

ಗ್ರಾಮ ಪಂಚಾಯಿತಿ ಸದಸ್ಯರೇ, ನಾಲ್ಕೈದು ಪಂಚಾಯಿತಿ ಸೇರಿ ಒಂದು ಮ್ಯಾಟ್ ಕೊಳ್ಳುವ ವಿಷಯ ಮುಂದಿನ ಸಭೆಯಲ್ಲಿ ಎತ್ತಿ. ಗ್ರಾಮಸಭೆಯಲ್ಲಿ ಕೂತವರು, ನಮ್ಮ ಶಾಲೆಗೆ ಪಿ.ಟಿ. ಮೇಷ್ಟ್ರು ಯಾವಾಗ ಬರುತ್ತಾರೆ ಅಂತ ಕೇಳಿ. ಬುಲ್ಸ್ ಕೋಚ್ ಬದಲಾಯಿಸಿ ಅಂತ ಕೂಗುವ ಗಂಟಲಿನಲ್ಲಿ ಅರ್ಧದಷ್ಟು ಇಲ್ಲಿ ಕೂಗಿದರೂ ಸಾಕು.

ಬುಲ್ಸ್ ಮುಂದಿನ ಸೀಸನ್‌ನಲ್ಲೂ ಒಮ್ಮೆ ಗೆಲ್ಲುತ್ತದೆ, ಒಮ್ಮೆ ಸೋಲುತ್ತದೆ. ಆ ತಂಡವನ್ನು ನೋಡಿಕೊಳ್ಳೋಕೆ ದುಡ್ಡಿರುವವರಿದ್ದಾರೆ. ನಿಮ್ಮೂರ ಕಾರ್ನರ್‌ನಲ್ಲಿ ನಿಲ್ಲುವ ಹುಡುಗನಿಗೆ ಇರುವುದು ನೀವು ಮಾತ್ರ. ಈ ವರ್ಷ ನಿಮ್ಮ ಊರ ತಂಡದಲ್ಲಿ ಊರ ಮಕ್ಕಳು ಎಷ್ಟು ಜನ ಆಡಿದರು, ಅವರಿಗೆ ಹೇಳಿಕೊಟ್ಟವರು ಯಾರು ಅಂತ ನಮಗೆ ಬರೆದು ಕಳಿಸಿ. ನಾವು ಬಂದು ವರದಿ ಮಾಡುತ್ತೇವೆ.