ರಜೆಯಲ್ಲಿ ಓದಿಗೂ ರಜೆಯೇ?



ರಾಜ್ಯೋತ್ಸವದ ವೇದಿಕೆಯಲ್ಲಿ ನಮ್ಮ ಮಕ್ಕಳು ಕನ್ನಡದಲ್ಲಿ ಮಾತನಾಡಿದರೆ ಚಪ್ಪಾಳೆ ತಟ್ಟುತ್ತೇವೆ. ಅವರ ಕೈಯಲ್ಲಿದ್ದ ಚೀಟಿ ಇಂಗ್ಲಿಷ್ ಅಕ್ಷರಗಳಲ್ಲಿತ್ತೆಂದು ಮಾತ್ರ ಯಾರೂ ಹೇಳುವುದಿಲ್ಲ. "ಮಗನಿಗೆ ಕನ್ನಡ ಅರ್ಥವಾಗುತ್ತೆ, ಓದೋಕೆ ಬರೋಲ್ಲ" ಎಂದು ನಗುವವರೇ, ಇದು ನಗುವ ಮಾತೇ?

ಡಿಸೆಂಬರ್ ರಜೆಯಲ್ಲಿ ಟ್ಯೂಷನ್ನಿಗೆ ಸಮಯವಿದೆ, ಮಾಲ್‌ಗೆ ಸಮಯವಿದೆ. ಹದಿಹರೆಯದವರು ಕನ್ನಡ ಓದುವುದಿಲ್ಲ ಎಂಬ ದೂರೂ ಸಿದ್ಧವಾಗಿದೆ. ಆದರೆ ಅವರ ಕೈಗೆ ನಾವು ಕೊಟ್ಟ ಪುಸ್ತಕ ಯಾವುದು?

ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980) ಕೊಟ್ಟು ನೋಡಿ. ಮೂಡಿಗೆರೆಯ ಕಡೆ ಹಾರುವ ಓತಿಯನ್ನು ಹುಡುಕಿ ಹೊರಟವರ ಕಥೆ ಅದು. ಹಾರುವ ಓತಿಗಳು ಮಲೇಶಿಯಾದ ಕಾಡುಗಳಲ್ಲೂ ಇವೆ! ದಿನಕ್ಕೆ ಐದು ಪುಟ ಸಾಕು. ಅಕ್ಷರ ಬಾರದಿದ್ದರೆ ಪುಟವನ್ನು ನೀವು ಓದಿ, ಒಂದು ಸಾಲು ಅವರಿಂದ ಓದಿಸಿ. ಭಾನುವಾರ ಕಾಡಿನ ಕಡೆ ಕರೆದೊಯ್ದು ಓತಿಯನ್ನು ಹುಡುಕಿಸಿ.

ಕೌಲಾಲಂಪುರ 2020ರಲ್ಲಿ ಯುನೆಸ್ಕೊದ ವಿಶ್ವ ಪುಸ್ತಕ ರಾಜಧಾನಿಯಾಗಿತ್ತು. ಅಂಥ ಊರಿನ ಕನ್ನಡದ ಮನೆಯಲ್ಲಿ ಒಂದೂ ಕನ್ನಡ ಪುಸ್ತಕವಿಲ್ಲದಿದ್ದರೆ ತಲೆ ತಗ್ಗಿಸಬೇಕಾದವರು ಮಕ್ಕಳಲ್ಲ, ನಾವು. ಮುಂದಿನ ರಾಜ್ಯೋತ್ಸವಕ್ಕೆ ಚೀಟಿ ಕನ್ನಡದಲ್ಲೇ ಇರಲಿ.